ಟಾಕೀಸ್ ಹಾರ್ನಿಗೆ ಎಷ್ಟು ವಾಟ್?

ಪ್ರಶ್ನೆ: ಮುಚ್ಚಿಹೋದ ಟಾಕೀಸೊಂದರಿಂದ ಒಂದು ಜೋಡಿ ಹಳೇ ಹಾರ್ನ್ (ಕೊಂಬಿನಾಕಾರದ) ಸ್ಪೀಕರ್ ತಂದಿದ್ದೇನೆ. ವಿದ್ಯುತ್ ತಡೆ 16 ಓಮ್, ಸೆನ್ಸಿಟಿವಿಟಿ 104 ಡೆಸಿಬಲ್. ಹಾಲ್ 12ಕ್ಕೆ 16 ಅಡಿ. ಇಷ್ಟು ದೊಡ್ಡ ಪೆಟ್ಟಿಗೆಗೆ 200 ವಾಟ್ ಆಂಪ್ಲಿಫೈಯರ್ ಬೇಕೇ ಬೇಕು ಅಂತ ಅಂಗಡಿಯವರು, 8 ವಾಟಿನ ವಾಲ್ವ್ (ಹಳೇ ರೇಡಿಯೋದಂಥ ಗಾಜಿನ ಕೊಳವೆ) ಆಂಪ್ ಸಾಕು ಅಂತ ಗೆಳೆಯ. ಯಾರ ಮಾತು ಕೇಳಲಿ?
– ಓದುಗರು, ಮಂಡ್ಯ

ಉತ್ತರ: ಗೆಳೆಯನ ಮಾತು ಕೇಳಿ, ಆದರೆ ಪೂರ್ತಿ ಅಲ್ಲ.

ಪೆಟ್ಟಿಗೆ ದೊಡ್ಡದಿದ್ದರೆ ವಾಟ್ ಜಾಸ್ತಿ ಬೇಕು ಅನ್ನೋದು ಸುಮ್ನೆ ಮಾತು. 104 ಡೆಸಿಬಲ್ ಅಂದರೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ಅದು ಕಿವಿ ಮುಚ್ಚಿಕೊಳ್ಳುವಷ್ಟು ಜೋರು. ಪ್ರತಿ 3 ಡೆಸಿಬಲ್‌ಗೆ ವಾಟ್ ದುಪ್ಪಟ್ಟಾಗುತ್ತದೆ, ಹಾಗಾಗಿ 84 ಡೆಸಿಬಲ್ಲಿನ ಸಣ್ಣ ಸ್ಪೀಕರ್ ಇದೇ ಸದ್ದು ಮಾಡಲು 100 ವಾಟ್ ಬೇಕು. 1930ರ ದಶಕದ ಆಂಪ್‌ಗಳ ಶಕ್ತಿ ತೀರಾ ಕಮ್ಮಿ, ಅದಕ್ಕೇ ಥಿಯೇಟರಿಗೆ ಹಾರ್ನ್ ಬಂದಿದ್ದು. ಗೆಳೆಯ ಹೇಳಿದ್ದು ಬಹುಶಃ 300ಬಿ ವಾಲ್ವಿನ ಆಂಪ್ ಇರಬೇಕು. ಒಂದೇ ವಾಲ್ವಿನಿಂದ ಸುಮಾರು 8 ವಾಟ್.

ವಾಟ್ ಚಿಂತೆ ಬಿಡಿ, ಆಂಪಿನ ಗದ್ದಲ ನೋಡಿ. ಹಾರ್ನ್ ಹಾಡನ್ನು ದೊಡ್ಡದು ಮಾಡುವ ಹಾಗೆ ಆಂಪಿನ ಸುಂಯ್ ಅನ್ನುವ ಹಿಸ್ಸನ್ನೂ ದೊಡ್ಡದು ಮಾಡುತ್ತದೆ. ಹಾಡಿಲ್ಲದಾಗಲೂ ಆಂಪ್ 1 ಮಿಲಿವೋಲ್ಟ್ ಹಿಸ್ ಹೊರಹಾಕಿದರೆ ನಿಮ್ಮ ಸ್ಪೀಕರಿನಲ್ಲಿ ಅದು ಸುಮಾರು 32 ಡೆಸಿಬಲ್, ರಾತ್ರಿ ಚೆನ್ನಾಗಿಯೇ ಕೇಳಿಸುತ್ತದೆ. 84ರ ಸ್ಪೀಕರಿನಲ್ಲಾದರೆ ಬರೀ 12, ಗೊತ್ತೇ ಆಗಲ್ಲ. ವೀಣೆ ದೊರೆಸ್ವಾಮಿ ಅಯ್ಯಂಗಾರರ ರೆಕಾರ್ಡ್ ಹಾಕಿದ್ದೀರಿ ಅನ್ನಿ. ಮೀಟಿದ ತಂತಿಯ ನಾದ ಕರಗುತ್ತಾ ಹೋಗುವ ಜಾಗದಲ್ಲೇ ಈ ಸುಂಯ್ ಬಂದು ಕೂತರೆ ಹಾರ್ನ್ ತಂದು ಏನು ಬಂತು? ಅದಕ್ಕೇ ಅಂಗಡಿಯ ಫ್ಯಾನ್ ಸದ್ದಿನಲ್ಲಿ ಕೇಳಿ ತೀರ್ಮಾನ ಮಾಡಬೇಡಿ. ಒಂದು ರಾತ್ರಿಗೆ ಮನೆಗೆ ತಂದು, ವಾಲ್ಯೂಮ್ ಸೊನ್ನೆಗಿಟ್ಟು, ನೀವು ಕೂರುವ ಕುರ್ಚಿಯಲ್ಲೇ ಕೂತು ಕೇಳಿ. ಕೊಡಲ್ಲ ಅಂದರೆ ಬೇರೆ ಅಂಗಡಿ ನೋಡಿ.

ಆಂಪಿನ ಗೇನ್, ಅಂದರೆ ಒಳಬಂದ ಸಿಗ್ನಲ್ಲನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನೋದು, ಕಮ್ಮಿ ಇರಲಿ. ಇಲ್ಲದಿದ್ದರೆ ವಾಲ್ಯೂಮ್ ಗುಂಡಿ ಚೂರು ತಿರುಗಿಸಿದರೂ ಅಬ್ಬರ, ಅಷ್ಟು ಕೆಳಗೆ ಅಗ್ಗದ ಗುಂಡಿಗಳಲ್ಲಿ ಎಡ ಬಲ ಸಮ ಬರೋದೂ ಕಷ್ಟ.

300ಬಿ ಬಗ್ಗೆ ನನ್ನ ತಕರಾರು ಇಷ್ಟೇ: ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲ್ಲಿನ ಒಂದಂಶ ವಾಪಸ್ ಕೊಟ್ಟು ತಪ್ಪು ತಿದ್ದುವ ಏರ್ಪಾಟು) ಇಲ್ಲದ ಅಂಥ ಆಂಪಿಗೆ ದೊಡ್ಡ ವೂಫರ್ (ತಗ್ಗು ಸ್ವರಗಳ ಸ್ಪೀಕರ್) ಮೇಲೆ ಹಿಡಿತ ಸಾಲದು, ತಬಲ ಮೃದಂಗದ ಪೆಟ್ಟು ಸಡಿಲ. ಬೆಲೆಯೂ ಜಾಸ್ತಿ. ನಾನಾದರೆ ಇಎಲ್84 ವಾಲ್ವುಗಳ 10-15 ವಾಟಿನ ಪುಶ್-ಪುಲ್ (ಎರಡು ವಾಲ್ವ್ ಜೋಡಿಯಾಗಿ ದುಡಿಯುವ) ಆಂಪ್, ಇಲ್ಲವೇ 10-25 ವಾಟಿನ ಕ್ಲಾಸ್ ಎ (ಟ್ರಾನ್ಸಿಸ್ಟರ್ ಸದಾ ಆನ್ ಇರುವ ಬಗೆಯ) ಟ್ರಾನ್ಸಿಸ್ಟರ್ ಆಂಪ್ ತಗೋತೀನಿ. ಟ್ರಾನ್ಸಿಸ್ಟರ್ ಆಂಪ್ 8 ಓಮಿಗೆ ಕೊಡುವುದರ ಅರ್ಧದಷ್ಟೇ ವಾಟ್ 16 ಓಮಿಗೆ ಕೊಡಬಹುದು, ನಿಮಗೆ ಅದೂ ಧಾರಾಳ. ವಾಲ್ವ್ ಆಂಪಾದರೆ 16 ಓಮ್ ಟ್ಯಾಪ್ (ಸ್ಪೀಕರ್ ತಂತಿ ಜೋಡಿಸುವ ತುದಿ) ಇದೆಯಾ ಕೇಳಿ, ಹೊಸದರಲ್ಲಿ ಎಷ್ಟೋ ಸಲ 4 ಮತ್ತು 8 ಮಾತ್ರ ಇರುತ್ತದೆ. ಸ್ಪೀಕರ್ ಜೋಡಿಸದೆ ಅದನ್ನು ಆನ್ ಮಾಡಬೇಡಿ. ಒಳಗೆ 300 ವೋಲ್ಟಿಗೂ ಮೇಲಿರುತ್ತದೆ, ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ, ಹಾಗಾಗಿ ಮುಚ್ಚಳ ಬಿಚ್ಚೋ ಕೆಲಸ ಬೇಡ.

ಪ್ರಶ್ನೆ: ತಮ್ಮ ಜಪಾನಿನಿಂದ ಹಳೇ ಆಂಪ್ ತಂದಿದ್ದಾನೆ. ಹಿಂದೆ 100 ವೋಲ್ಟ್ ಅಂತಿದೆ. ಇಲ್ಲಿ ಹಾಕಬಹುದಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. 230ರಿಂದ 100 ವೋಲ್ಟಿಗೆ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ತಗೊಳ್ಳಿ, 110ರದ್ದು ಬೇಡ. ಆಂಪಿನ ಹಿಂದೆ ಬರೆದಿರುವ ವಾಟಿಗಿಂತ ಅದರ ಸಾಮರ್ಥ್ಯ ಧಾರಾಳವಾಗಿ ಜಾಸ್ತಿ ಇರಲಿ.