ಪಠ್ಯಪುಸ್ತಕ ಬೇಡ, ಪಾಸ್‌ಬುಕ್ ಕೊಡಿ

ಶಿರಸಿ ತಾಲ್ಲೂಕಿನ ತಾಯಿಯೊಬ್ಬರ ಪತ್ರದ ಸಾರ: ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಗ ಪಿಯುಸಿ ಓದಲು ಹುಬ್ಬಳ್ಳಿಗೆ ಹೋದವನು, ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿ ತುಂಬಲು ಬಾರದೆ ಮನೆಗೆ ಫೋನ್ ಮಾಡಿದ. ಮಗಳು ಈಗ ಎಂಟನೇ ತರಗತಿ. ಹೈಸ್ಕೂಲಿನಲ್ಲೇ ಬದುಕಿನ ಕೌಶಲಗಳಿಗೊಂದು ಕಡ್ಡಾಯ ಪಠ್ಯಪುಸ್ತಕ ಏಕಿರಬಾರದು?

ಸಂಪಾದಕರ ಉತ್ತರ:

ನಿಮ್ಮ ಕಳಕಳಿ ಸರಿಯಾಗಿದೆ, ಹೇಳಿದ ಮದ್ದು ಮಾತ್ರ ಒಪ್ಪಿಗೆಯಾಗಲಿಲ್ಲ. ಪಠ್ಯಪುಸ್ತಕ ಬಂದರೆ ಬೆನ್ನಿಗೇ ಗೈಡ್ ಬರುತ್ತದೆ. ಚೆಕ್ ಮೂರು ತಿಂಗಳಷ್ಟೇ ಚಲಾವಣೆಯಲ್ಲಿರುತ್ತದೆ ಎಂದು ಬರೆದು ಎರಡು ಅಂಕ ಗಿಟ್ಟಿಸಿದ ಹುಡುಗನೇ ಅಪ್ಪ ಕೊಟ್ಟ ಚೆಕ್ಕನ್ನು ನಾಲ್ಕು ತಿಂಗಳು ಟ್ರಂಕಿನಲ್ಲಿಟ್ಟು ಮರೆಯುತ್ತಾನೆ. ಕಾರ್ಯಾನುಭವದ ಪೀರಿಯಡ್ಡು ವೇಳಾಪಟ್ಟಿಯಲ್ಲಿ ಇದ್ದೇ ಇತ್ತಲ್ಲ! ಪರೀಕ್ಷೆ ಹತ್ತಿರ ಬಂದಂತೆ ಅದನ್ನು ಗಣಿತ, ವಿಜ್ಞಾನ ನುಂಗಿದ್ದನ್ನು ಕಂಡವರು ನಾವೆಲ್ಲ.

ನಿಮ್ಮದು ಅಡಿಕೆ ತೋಟದ ಮನೆ ಎಂದು ಬರೆದಿದ್ದೀರಿ. ಚಾಲಿಯೋ ರಾಶಿಯೋ, ಯಾವ ಬಗೆಯ ಅಡಿಕೆಯಾದರೂ ಸರಿ, ಶಿರಸಿ ಪೇಟೆಯಲ್ಲಿ ಮಾರಾಟವಾದಾಗ ಬರುವ ಪಟ್ಟಿಯನ್ನು ಮಗಳ ಮುಂದಿಡಿ. ತೂಕ ಎಷ್ಟು, ಕ್ವಿಂಟಲ್ ದರ ಎಷ್ಟು, ಹಮಾಲಿಗೆ ಹೋದದ್ದೆಷ್ಟು, ಮೊದಲೇ ಎತ್ತಿದ ಸಾಲಕ್ಕೆ ಮುರಿದುಕೊಂಡದ್ದೆಷ್ಟು, ಖಾತೆಗೆ ಜಮಾ ಆದದ್ದೆಷ್ಟು ಎಂದು ಅವಳೇ ಕೂಡಿ ಕಳೆದು ನೋಡಲಿ. ಸಾಲದ ಸಾಲಿಗೆ ಬಂದಾಗ ಬಡ್ಡಿ ಹೇಗೆ ಬಿತ್ತೆಂದು ಕೇಳಿಯೇ ಕೇಳುತ್ತಾಳೆ. ಅಪ್ಪನ ಸಾಲ ಮಕ್ಕಳಿಗೆ ಗೊತ್ತಾಗಬಾರದೆಂಬ ಅಳುಕು ನಮ್ಮ ಕಡೆಯ ಮನೆಗಳಲ್ಲಿ ಜಾಸ್ತಿ. ಗೊತ್ತಾಗಲಿ ಬಿಡಿ. ಊರು ಬಿಟ್ಟ ಮೇಲೆ ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆನ್ನುವ ಆ್ಯಪ್‌ಗಳು ಅವರ ಮೊಬೈಲಿಗೇ ಬರುತ್ತವೆ; ಬಡ್ಡಿಯ ರುಚಿ ಅಲ್ಲಿ ಮೊದಲು ಗೊತ್ತಾಗುವುದಕ್ಕಿಂತ ಇದು ವಾಸಿ.

ಹಾಗೆಂದು ಶಾಲೆಯನ್ನು ಬಿಟ್ಟುಬಿಡುತ್ತಿಲ್ಲ. ಮನೆಯಲ್ಲೇ ತಪ್ಪು ತಿಳಿವಳಿಕೆ ಇರುವ ಕಡೆ ಶಾಲೆಯೇ ಹೇಳಬೇಕು. ಹಾವು ಕಚ್ಚಿದರೆ ಹಗ್ಗದಿಂದ ಬಿಗಿದು, ಬ್ಲೇಡಿನಿಂದ ಕೊಯ್ದು, ನಾಟಿ ಔಷಧಿಯವರ ಮನೆಗೆ ಓಡುವ ಹಿರಿಯರು ಇನ್ನೂ ಇದ್ದಾರೆ. ಕಟ್ಟಬಾರದು, ಕೊಯ್ಯಬಾರದು, ಕಚ್ಚಿದ ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಮಕ್ಕಳು ಶಾಲೆಯಿಂದಲೇ ಮನೆಗೆ ತರಬೇಕಾಗಿದೆ. ಗೋಕರ್ಣ, ಮುರುಡೇಶ್ವರಕ್ಕೆ ಪ್ರವಾಸ ಹೊರಡುವ ಘಟ್ಟದ ಮೇಲಿನ ಶಾಲೆಗಳು ಹೊರಡುವ ಮುಂಚೆ ಕಡಲ ಸೆಳೆತದ ಬಗ್ಗೆ ಹೇಳಲಿ: ಸಿಕ್ಕಿಬಿದ್ದರೆ ದಡದ ಕಡೆಗೇ ಎದುರೀಜಿ ಸುಸ್ತಾಗಬಾರದು, ದಡದ ಉದ್ದಕ್ಕೆ ಅಡ್ಡ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಈಜು ಬಾರದವರು ನೀರಿಗಿಳಿಯದಿರುವುದೇ ಸರಿ. ಕಾರವಾರದ ಮೀನುಗಾರರ ಮಕ್ಕಳನ್ನು ಕರೆಸಿ ಹೇಳಿಸಿದರೆ ಇನ್ನೂ ಒಳ್ಳೆಯದು.

ಅಂದಹಾಗೆ, 'ಮಗಳಿಗೆ ಅಡುಗೆ ಬರುತ್ತದೆ, ಆ ಚಿಂತೆಯಿಲ್ಲ' ಎಂದಿದ್ದೀರಿ. ಮಗನಿಗೆ? ಮೆಸ್ಸಿಗೆ ರಜೆಯಿದ್ದ ದಿನ ಅವನಿಗೂ ಹಸಿವಾಗುತ್ತದೆ. ಈ ರಜೆಯಲ್ಲಿ ಬಂದಾಗ ಒಲೆಯ ಮುಂದೆ ನಿಲ್ಲಿಸಿ.

ಮಗಳ ವಿಷಯ. ಹತ್ತು ವರ್ಷ ದಾಟಿದ ಮಕ್ಕಳು, ಬ್ಯಾಂಕು ಹಾಕುವ ಮಿತಿಯೊಳಗೆ, ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. ಈ ತಿಂಗಳೇ ಖಾತೆ ಮಾಡಿಸಿ. ಚೀಟಿ ಅವಳೇ ತುಂಬಲಿ, ತಪ್ಪಾದರೆ ಹರಿದು ಇನ್ನೊಂದು ತುಂಬಲಿ. ಕೌಂಟರಿನಲ್ಲಿ 'ದೊಡ್ಡವರು ಯಾರೂ ಬರ್ಲಿಲ್ವಾ ತಂಗಿ?' ಎಂದು ಕೇಳಿದರೂ ನೀವು ಬೆಂಚಿನಿಂದ ಏಳಬೇಡಿ.

– ಸಂ.