ಅಪ್ಪನಿಗೆ ಸಕ್ಕರೆ ಕಾಯಿಲೆಯೂ ಇದೆ, ಬಿಪಿಯೂ ಇದೆ. ಯಾವುದನ್ನು ಮೊದಲು ಹತೋಟಿಗೆ ತರಬೇಕು?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇರುವ ನಿಮ್ಮ ತಂದೆಯವರಿಗೆ ಅರುವತ್ತಮೂರು ವರ್ಷ. ಸಕ್ಕರೆ ಕಾಯಿಲೆ ಹಳೆಯದು, ಬಿಪಿ ಆಮೇಲೆ ಸೇರಿಕೊಂಡದ್ದು. "ಮೊದಲು ಶುಗರ್ ಇಳಿಯಲಿ, ಬಿಪಿ ಮಾತ್ರೆ ಕಿಡ್ನಿಯನ್ನು ಹಾಳು ಮಾಡುತ್ತದಂತೆ" ಎಂದು ಬಿಪಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದ್ದಾರೆ. ಔಷಧಿ ಸ್ವಲ್ಪ ಮಂಗಳೂರಿನಿಂದ, ಸ್ವಲ್ಪ ಊರಿನ ಆರೋಗ್ಯ ಕೇಂದ್ರದಿಂದ.

ನಾನು ಕುಂಬಳೆ ಕಡೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಸಾಮಾನ್ಯ ವೈದ್ಯ. ಇವೆರಡರ ನಡುವೆ ಮೊದಲು, ಆಮೇಲೆ ಎಂಬ ಸರದಿ ಇಲ್ಲ. ಒಂದನ್ನೇ ಹೇಳಿ ಎಂದು ಪಟ್ಟು ಹಿಡಿದರೆ ಬಿಪಿ ಎನ್ನುತ್ತೇನೆ. ನಮ್ಮ ಕಡೆಯವರಿಗೆ ಖಾಲಿ ಹೊಟ್ಟೆಯ ಶುಗರ್ ಎಷ್ಟೆಂಬುದು ಬಾಯಿಪಾಠ. ಬಿಪಿ ಕೇಳಿದರೆ "ನಾರ್ಮಲ್ ಅಂತೆ" ಎನ್ನುತ್ತಾರೆ. ಬ್ರಿಟನ್ನಿನ ಯುಕೆಪಿಡಿಎಸ್ ಎಂಬ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಎರಡೂ ಕಾಯಿಲೆ ಇದ್ದ 1,148 ಮಂದಿಯಲ್ಲಿ ಒಂದು ಗುಂಪಿನ ಬಿಪಿ ಸರಾಸರಿ 144/82ಕ್ಕೆ ಇಳಿದಿತ್ತು, ಇನ್ನೊಂದರದು 154/87ರಲ್ಲಿತ್ತು. ಮೇಲಿನ ಅಂಕಿಯಲ್ಲಿ ಹತ್ತರ ಅಂತರ, ಅಷ್ಟೇ. ಅದಕ್ಕೇ ಪಾರ್ಶ್ವವಾಯು ಶೇ. 44ರಷ್ಟು, ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಸಾವು ಶೇ. 32ರಷ್ಟು ಕಡಿಮೆಯಾದವು. ನಿಮ್ಮ ತಂದೆಯವರು ಕೇಳಬೇಕಾದ ಮಾತು ಮುಂದಿನದು. ಅಧ್ಯಯನ ಮುಗಿದ ಮೇಲೆ ಎರಡು ಗುಂಪುಗಳ ಬಿಪಿಯೂ ಒಂದೇ ಮಟ್ಟಕ್ಕೆ ಬಂತು, ಗಳಿಸಿದ್ದ ಲಾಭವೂ ಕರಗಿಹೋಯಿತು. ಶುಗರನ್ನು ಮೊದಮೊದಲು ಬಿಗಿಯಾಗಿ ಹಿಡಿದದ್ದರ ಲಾಭ ವರ್ಷಗಳ ನಂತರವೂ ಉಳಿದಿತ್ತು, ಬಿಪಿಯದು ಹಾಗಲ್ಲ. ಅದನ್ನು ಹಿಡಿದಿಟ್ಟಷ್ಟು ಕಾಲ ಮಾತ್ರ ಅದರ ಫಲ.

ಈಗ ಕಿಡ್ನಿಯ ವಿಷಯ. ಈ ಗಾಳಿಮಾತಿಗೆ ಒಂದು ಬೇರು ಇದೆ. ಸಕ್ಕರೆ ಕಾಯಿಲೆ ಇದ್ದು ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿರುವವರಿಗೆ ಸಾಮಾನ್ಯವಾಗಿ ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಕೊಡುತ್ತೇವೆ. ಕಿಡ್ನಿಯ ಸೋಸುವ ಗಂಟುಗಳಿಂದ ರಕ್ತ ಹೊರಹೋಗುವ ದಾರಿಯನ್ನು ಇವು ಸಡಿಲಿಸುತ್ತವೆ, ಒಳಗಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಾಗ ಸೋಸುವ ವೇಗವೂ ತುಸು ತಗ್ಗುವುದರಿಂದ ಮೊದಲ ಕೆಲವು ವಾರ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ಸ್ವಲ್ಪ ಏರಬಹುದು. ಲ್ಯಾಬಿನ ಚೀಟಿ ನೋಡಿದವರು "ಕಿಡ್ನಿ ಹೋಯಿತು" ಎಂದು ಹೆದರುತ್ತಾರೆ. ಏರಿಕೆ ಶೇ. 30ರ ಒಳಗಿದ್ದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಕಿಡ್ನಿಯನ್ನು ಬಹುಕಾಲ ಉಳಿಸುವುದು ಅದೇ ಮಾತ್ರೆ. ಆದರೆ ಶುರು ಮಾಡಿದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಮತ್ತು ಈ ಮಾತ್ರೆಗಳಿಂದ ಏರಬಹುದಾದ ಪೊಟಾಶಿಯಂ ನೋಡಲೇಬೇಕು.

ಕಿಡ್ನಿಯನ್ನು ನಿಜವಾಗಿ ಕೆಡಿಸುವ ಮಾತ್ರೆಯನ್ನು ಯಾರೂ ಅನುಮಾನಿಸುವುದಿಲ್ಲ. ಅಡಿಕೆ ತೋಟದಲ್ಲಿ ದುಡಿದವರ ಮಂಡಿ, ಸೊಂಟ ನೋಯದೆ ಇರುತ್ತದೆಯೇ? ಪೇಟೆಯ ಮೆಡಿಕಲ್‌ನಿಂದ ಚೀಟಿ ಇಲ್ಲದೆ ತಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ದಿನವೂ ಹೊಟ್ಟೆ ಸೇರುತ್ತದೆ. ಅದು ಬಿಪಿಯನ್ನು ಏರಿಸುತ್ತದೆ. ಜೊತೆಗೆ ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಮಾತ್ರೆ ಇವೆರಡೂ ಇದ್ದರಂತೂ ಕಿಡ್ನಿ ಕೆಲವೇ ದಿನಗಳಲ್ಲಿ ಮುಗ್ಗರಿಸಬಹುದು. ಅಪ್ಪನನ್ನು ಮೊದಲು ಇದನ್ನೇ ಕೇಳಿ. "ನೋವಿನ ಮಾತ್ರೆ ತೆಗೆದುಕೊಳ್ಳುತ್ತೀರಾ" ಎಂದರೆ ಇಲ್ಲ ಎನ್ನುತ್ತಾರೆ. "ಗಂಟುನೋವಿಗೆ ಏನು ಮಾಡುತ್ತೀರಿ" ಎಂದು ಕೇಳಿ.

ಇನ್ನು ಎರಡು ಕಡೆಯ ಚೀಟಿ. ರೋಗಿಗಳು ಮಾತ್ರೆಯ ತೊಟ್ಟೆಯನ್ನು ನನ್ನ ಮೇಜಿನ ಮೇಲೆ ಸುರಿದಾಗ ಪದೇ ಪದೇ ಕಾಣುವುದು ಒಂದೇ ಔಷಧಿ, ಎರಡು ಹೆಸರು. ಮಂಗಳೂರಿನ ಸ್ಟ್ರಿಪ್ಪಿನ ಮೇಲೆ ಕಂಪನಿಯ ಹೆಸರು ದಪ್ಪಕ್ಷರದಲ್ಲಿ, ಟೆಲ್ಮಿಸಾರ್ಟಾನ್ ಎಂಬುದು ಅದರ ಅಡಿಯಲ್ಲಿ ಇರುವೆಯ ಗಾತ್ರದಲ್ಲಿ. ಆರೋಗ್ಯ ಕೇಂದ್ರದ್ದರಲ್ಲಿ ಔಷಧಿಯ ಹೆಸರೇ. ಒಬ್ಬರು ಟೆಲ್ಮಿಸಾರ್ಟಾನ್, ಇನ್ನೊಬ್ಬರು ರಾಮಿಪ್ರಿಲ್ ಬರೆದು ಎರಡೂ ಒಟ್ಟಿಗೆ ನಡೆಯುವುದೂ ಉಂಟು. ಆ ಜೋಡಿಯಿಂದ ಹೆಚ್ಚಿನ ಲಾಭವಿಲ್ಲ, ತೊಂದರೆಯೇ ಹೆಚ್ಚು ಎಂದು 2008ರ ಆನ್‌ಟಾರ್ಗೆಟ್ ಅಧ್ಯಯನ ತೋರಿಸಿದೆ. ಕೈಗೆ ಬಂದ ಸೂಚನೆಯ ಹಾಳೆ ಮಲಯಾಳದಲ್ಲಿ, ಓದುವವರಿಗೆ ಬರುವುದು ಕನ್ನಡ. ಇದರ ಬಗ್ಗೆ ಎಷ್ಟು ಗೊಣಗಿದರೂ ನನಗೆ ಸಾಲದು. ಆದ್ದರಿಂದ ಇರುವ ಎಲ್ಲ ಸ್ಟ್ರಿಪ್ಪುಗಳನ್ನೂ ಒಬ್ಬರೇ ವೈದ್ಯರ ಮುಂದೆ ಇಡಿ, ಕನ್ನಡದಲ್ಲಿ ಒಂದು ಪಟ್ಟಿ ಬರೆಸಿಕೊಳ್ಳಿ. ಆ ಒಬ್ಬರು ಊರಿನವರೇ ಆಗಿರಲಿ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳ ಪಾಡು ನಿಮಗೂ ನೆನಪಿರಬಹುದು. ಕುಟುಂಬ ಆರೋಗ್ಯ ಕೇಂದ್ರದ ಜೀವನಶೈಲಿ ರೋಗಗಳ ಕ್ಲಿನಿಕ್ಕಿನಲ್ಲಿ ಈ ಎರಡಕ್ಕೂ ಬೇಕಾದ ಸಾಮಾನ್ಯ ಮಾತ್ರೆಗಳು ಉಚಿತವಾಗಿ ಸಿಗುತ್ತವೆ. ತಜ್ಞರನ್ನು ನೋಡಲು ಮಂಗಳೂರಿಗೆ ಹೋಗಿ, ಬೇಡ ಎನ್ನುವುದಿಲ್ಲ. ಹೋಗುವಾಗ ಪಟ್ಟಿಯೂ ಜೊತೆಗಿರಲಿ.

ಊಟದಲ್ಲಿ ಎಲ್ಲರೂ ಸಕ್ಕರೆಯನ್ನೇ ಹುಡುಕುತ್ತಾರೆ. ಚಹಾಕ್ಕೆ ಸಕ್ಕರೆ ಬಿಟ್ಟವರು ರಾತ್ರಿ ಗಂಜಿಗೆ ಉಪ್ಪಿನಕಾಯಿಯ ರಸವನ್ನು ಕಲಸಿ, ಹಪ್ಪಳ ಕಚ್ಚಿ, ಮಳೆಗಾಲವಾದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯವನ್ನೂ ಬಡಿಸಿಕೊಳ್ಳುತ್ತಾರೆ. ಮೀನು ತಿನ್ನುವ ಮನೆಯಾದರೆ ಒಣಮೀನು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಸುಮಾರು ಒಂದು ಟೀ ಚಮಚ. ಇಂದುಪ್ಪೂ ಉಪ್ಪೇ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಪೊಟಾಶಿಯಂ ಇರುತ್ತದೆ. ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರು, ಕಿಡ್ನಿ ದುರ್ಬಲವಾದವರು ವೈದ್ಯರನ್ನು ಕೇಳದೆ ಅದನ್ನು ತರಬಾರದು. ಕುಚ್ಚಲಕ್ಕಿಯಾದರೆ ಎಷ್ಟು ಉಂಡರೂ ಶುಗರ್ ಏರದು ಎಂಬುದು ನಮ್ಮವರ ನಂಬಿಕೆ. ಏರುತ್ತದೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಇದ್ದರೆ ಅದನ್ನು ಬಿಡಿಸಲು ನೋಡಿ. ನನಗಂತೂ ಅದರಲ್ಲಿ ಸೋಲೇ ಹೆಚ್ಚು.

ಶುಗರಿನ ಮಾತ್ರೆಗಳಲ್ಲಿ ಡಪಾಗ್ಲಿಫ್ಲೋಜಿನ್ ಎಂಬುದು ಬಿಪಿಯನ್ನೂ ತುಸು ಇಳಿಸಿ ಕಿಡ್ನಿಯನ್ನು ಕಾಯುತ್ತದೆ. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಅದರ ಬೆಲೆಯೂ ಇಳಿದಿದೆ. ನಿಮ್ಮ ತಂದೆಯವರಿಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ವಾಂತಿ ಭೇದಿ ಹಿಡಿದು ಏನೂ ಸೇರದ ದಿನಗಳಲ್ಲಿ ಇದು, ಶುಗರಿನ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಅಂದೇ ಫೋನ್ ಮಾಡಿ ವಿಚಾರಿಸಿ.

ಮನೆಗೆ ತೋಳಿಗೆ ಕಟ್ಟುವ ಬಿಪಿ ಯಂತ್ರ ತನ್ನಿ. ಐದು ನಿಮಿಷ ಒರಗಿ ಕೂತು, ಮಾತಾಡದೆ, ಒಂದು ನಿಮಿಷ ಬಿಟ್ಟು ಎರಡು ಬಾರಿ ನೋಡಿ. ಆಮೇಲೆ ಎಬ್ಬಿಸಿ ನಿಲ್ಲಿಸಿ, ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ನರಗಳು ಸೋತಿರಬಹುದು. ನಿಂತಾಗ ಮೇಲಿನ ಅಂಕಿ 20 ಅಥವಾ ಹೆಚ್ಚು ಕುಸಿದರೆ ಗುರಿಯನ್ನು ಸಡಿಲಿಸಬೇಕಾಗುತ್ತದೆ, ಇಲ್ಲವಾದರೆ ರಾತ್ರಿ ಮೂತ್ರಕ್ಕೆ ಎದ್ದಾಗ ಬೀಳುತ್ತಾರೆ. ಹಾಗೆ ಕುಸಿಯದವರಿಗೆ 130/80ರ ಕೆಳಗೆ ಇರುವುದು ಒಳ್ಳೆಯದು.

ನಿಲ್ಲಿಸಿದ ಮಾತ್ರೆಯನ್ನು ಅದೇ ಪ್ರಮಾಣದಲ್ಲಿ ನೀವೇ ಮತ್ತೆ ಶುರು ಮಾಡಿಸಬೇಡಿ. ಈ ವಾರವೇ ವೈದ್ಯರಿಗೆ ತೋರಿಸಿ, ಕ್ರಿಯಾಟಿನಿನ್, ಪೊಟಾಶಿಯಂ ಮತ್ತು ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಮಾಡಿಸಿ. ಕೊನೆಯದು ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂದು ಹೇಳುತ್ತದೆ, ಅದು 30ಕ್ಕಿಂತ (ಮಿ.ಗ್ರಾಂ/ಗ್ರಾಂ) ಕಡಿಮೆ ಇರಬೇಕು. ಈ ಅಂಕಿಗಳನ್ನೂ ಈಗ ನಡೆಯುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಇಲ್ಲಿ ಕೆಳಗೆ ಬರೆದರೆ ವೈದ್ಯರನ್ನು ಏನು ಕೇಳಬೇಕು ಎಂಬುದನ್ನು ಹೇಳುತ್ತೇನೆ.