ಹಳೆಯ ಕಡತ, ಸಾರ್ವಜನಿಕ ಹಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಹಳೆಯ ಸಂಘ. ನಡಾವಳಿ ಪುಸ್ತಕ, ಲೆಕ್ಕದ ವಹಿ, ಪತ್ರವ್ಯವಹಾರ ಎಲ್ಲ ಸೇರಿ ನಾಲ್ಕು ಕಪಾಟು ತುಂಬಿವೆ. ಡಿಜಿಟಲೀಕರಣಕ್ಕೆ ಸರ್ಕಾರದ ಅನುದಾನ ಕೊಡುತ್ತೇವೆಂದು ಅರ್ಜಿ ಕರೆದಿದ್ದಾರೆ, ಎರಡು ತಿಂಗಳ ಗಡುವಿದೆ. ಮೊದಲು ಸ್ಕ್ಯಾನರ್‌ಗೆ ಕೊಟೇಶನ್ ತರಿಸಬೇಕೇ?

ಉತ್ತರ: ಕೊಟೇಶನ್ ಕೊನೆಗೆ ತರಿಸಿ. ಮೊದಲು ಕಪಾಟಿನಲ್ಲಿ ಏನಿದೆ, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂಬುದು ನಿಮಗೇ ಗೊತ್ತಾಗಬೇಕು. ಅದಕ್ಕೆ ಪುಟ ಪುಟ ಎಣಿಸುತ್ತ ಕೂರಬೇಕಾಗಿಲ್ಲ. ಕಪಾಟಿನ ಹಲಗೆಗಳ ಮೇಲೆ ಕಾಗದ ಎಷ್ಟು ಉದ್ದಕ್ಕೆ ನಿಂತಿದೆ ಎಂದು ಟೇಪು ಹಿಡಿದು ಅಳೆಯಿರಿ. ಆಮೇಲೆ ಒಂದೊಂದು ಬಗೆಯಿಂದಲೂ ಹತ್ತು ಸೆಂಟಿಮೀಟರಿನಷ್ಟು ತೆಗೆದು ಎಣಿಸಿ, ಬಗೆವಾರು ಗುಣಿಸಿ. ಬಗೆವಾರು ಎನ್ನುವುದು ಮುಖ್ಯ. ಟೈಪ್ ಮಾಡಿದ ತೆಳುಕಾಗದದ ಪ್ರತಿಗಳೂ ದಪ್ಪ ಲೆಕ್ಕದ ವಹಿಯೂ ಒಂದೇ ಹತ್ತು ಸೆಂಟಿಮೀಟರಿನಲ್ಲಿ ಬಹಳ ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ಎರಡೂ ಬದಿ ಬರೆದಿದ್ದರೆ ಒಂದು ಹಾಳೆ ಅಂದರೆ ಎರಡು ಚಿತ್ರ. ಹಾಳೆಯ ಲೆಕ್ಕದಲ್ಲಿ ಬಜೆಟ್ ಹಾಕಿ, ಗುತ್ತಿಗೆದಾರ ಚಿತ್ರದ ಲೆಕ್ಕದಲ್ಲಿ ಬಿಲ್ ಕೊಟ್ಟಾಗ ಕಣ್ಣು ಬಿಡುವವರು ಕಡಿಮೆ ಇಲ್ಲ.

ಎಣಿಸುವಾಗಲೇ ಸ್ಥಿತಿಯನ್ನೂ ನಾಲ್ಕು ದರ್ಜೆಯಲ್ಲಿ ಗುರುತು ಹಾಕಿಕೊಳ್ಳಿ: ಹಾಗೇ ಚಿತ್ರ ತೆಗೆಯಬಹುದಾದದ್ದು, ಧೂಳು ಒರೆಸಿ ಪಿನ್ನು ಬಿಚ್ಚಿದರೆ ಸಾಕಾದದ್ದು, ಹರಿದು ಹೋಗಿ ದುರಸ್ತಿ ಬೇಕಾದದ್ದು, ಮುಟ್ಟಿದರೆ ಪುಡಿಯಾಗುವಂಥದ್ದು ಅಥವಾ ಬೂಷ್ಟು ಹಿಡಿದದ್ದು. ನೂರಕ್ಕೆ ಎಷ್ಟು ಯಾವ ದರ್ಜೆ ಎಂಬ ಒಂದು ಸಾಲು ಅರ್ಜಿಯಲ್ಲಿದ್ದರೆ ಸಮಿತಿಗೆ ನಂಬಿಕೆ ಹುಟ್ಟುತ್ತದೆ. 'ಅತ್ಯಮೂಲ್ಯ', 'ಅಪರೂಪದ ಖಜಾನೆ' ಎಂದು ಬರೆದರೆ ಅಂಕ ಬರುವುದಿಲ್ಲ. ಯಾವ ವರ್ಷದಿಂದ ಯಾವ ವರ್ಷದವರೆಗಿನ ದಾಖಲೆ, ನಡುವೆ ಯಾವುವು ಕಳೆದಿವೆ, ಇದೇ ಮಾಹಿತಿ ರಾಜ್ಯದ ಅಥವಾ ರಾಷ್ಟ್ರದ ಪತ್ರಾಗಾರದಲ್ಲಿ ಸಿಗುತ್ತದೆಯೇ, ಇಲ್ಲವಾದರೆ ಏಕಿಲ್ಲ ಎಂದು ಬರೆಯಿರಿ.

ಇನ್ನೂ ಪಟ್ಟಿಯನ್ನೇ ಮಾಡಿಲ್ಲವಾದರೆ ಮೊದಲು ಪಟ್ಟಿಗೇ ದುಡ್ಡು ಕೇಳಿ. ಬ್ರಿಟನ್ನಿನ 'ಆರ್ಕೈವ್ಸ್ ರಿವೀಲ್ಡ್' ಯೋಜನೆ ಕೊಡುವ ಅನುದಾನದ ಮುಖ್ಯ ಭಾಗ ಸ್ಕ್ಯಾನಿಂಗ್‌ಗಲ್ಲ, ಪಟ್ಟಿ ತಯಾರಿಕೆಗೆ. ಪಟ್ಟಿಯಿಲ್ಲದೆ ತೆಗೆದ ಚಿತ್ರಗಳು ಕಪಾಟಿನ ಗೊಂದಲವನ್ನೇ ಹಾರ್ಡ್ ಡಿಸ್ಕಿಗೆ ಸಾಗಿಸುತ್ತವೆ, ಅಷ್ಟೇ. ಪಟ್ಟಿಗೆ ಅಂತರರಾಷ್ಟ್ರೀಯ ನಿಯಮವಾದ ಐಸಾಡ್-ಜಿಯಲ್ಲಿ 26 ಅಂಶಗಳಿದ್ದರೂ ಅನಿವಾರ್ಯವಾದವು ಆರೇ: ಸಂಕೇತ ಸಂಖ್ಯೆ, ಶೀರ್ಷಿಕೆ, ದಾಖಲೆ ಸೃಷ್ಟಿಸಿದವರು, ಕಾಲ, ಪ್ರಮಾಣ, ವಿವರಣೆಯ ಮಟ್ಟ (ವಿವರ ಇಡೀ ಸಂಗ್ರಹದ್ದೋ, ಕಡತದ್ದೋ, ಹಾಳೆಯದ್ದೋ ಎಂಬುದು). ಒಂದು ಎಚ್ಚರಿಕೆ: ಕಡತಗಳನ್ನು ವಿಷಯವಾರು ವಿಂಗಡಿಸಲು ಹೋಗಬೇಡಿ. ಹಳೆಯ ಗುಮಾಸ್ತ ಇಟ್ಟ ಅನುಕ್ರಮವೂ ಒಂದು ಮಾಹಿತಿ, ಒಮ್ಮೆ ಕೆಡಿಸಿದರೆ ಮರಳಿ ಬರುವುದಿಲ್ಲ. ಪಟ್ಟಿಯನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. 'ನುಡಿ', 'ಬರಹ' ತಂತ್ರಾಂಶಗಳ ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಮಾಡಿದ ಪಟ್ಟಿ ಬೇರೆ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ.

ಪ್ರಶ್ನೆ: ಸುಮಾರು 40,000 ಪುಟಗಳಿವೆ. ಸ್ಕ್ಯಾನಿಂಗ್‌ಗೆ ಪುಟಕ್ಕಿಷ್ಟು ಎಂದು ದರ ಹಾಕಿ ಬಜೆಟ್ ಮಾಡಿದೆವು. ಅನುಭವಿಗಳೊಬ್ಬರು 'ಇದು ಮೂರನೇ ಒಂದು ಭಾಗ ಮಾತ್ರ' ಎಂದರು. ಹೌದೇ?

ಉತ್ತರ: ಹೌದು, ಅವರ ಮಾತು ಸರಿ. ಚಿತ್ರ ತೆಗೆಯುವುದು ಒಟ್ಟು ಖರ್ಚಿನ ಮೂರರಲ್ಲೊಂದು ಪಾಲಿನ ಆಸುಪಾಸು. ಉಳಿದದ್ದು ಸಿದ್ಧತೆ, ಮೆಟಾಡೇಟಾ (ಯಾವ ಚಿತ್ರದಲ್ಲಿ ಏನಿದೆ ಎಂಬ ವಿವರ), ಗುಣಮಟ್ಟದ ತಪಾಸಣೆ, ಆಡಳಿತಕ್ಕೆ ಹೋಗುತ್ತದೆ.

ಗಂಟೆಯ ಲೆಕ್ಕದಲ್ಲಿ ನೋಡಿ. ಹೊಲಿಗೆ ಸಡಿಲವಾದ ಹಳೆಯ ವಹಿಯನ್ನು ವಿ ಆಕಾರದ ತೊಟ್ಟಿಲಲ್ಲಿಟ್ಟು ಎಚ್ಚರಿಕೆಯಿಂದ ಪುಟ ತಿರುವುತ್ತ ಗಂಟೆಗೆ 80 ಚಿತ್ರ ತೆಗೆದರೆ 40,000ಕ್ಕೆ 500 ಗಂಟೆ. ದಿನಕ್ಕೆ ಕೈಗೆ ಸಿಗುವ ನಿಜವಾದ ಕೆಲಸದ ಸಮಯ ಆರು ಗಂಟೆ ಎಂದಿಟ್ಟುಕೊಂಡರೆ 83 ದಿನ, ಅಂದರೆ ರಜೆ ಬಿಟ್ಟು ನಾಲ್ಕು ತಿಂಗಳು. ಇನ್ನು ವಿವರ ಬರೆಯುವುದು. ಈ ಪುಟಗಳು 400 ಕಡತಗಳಲ್ಲಿದ್ದು ಕಡತಕ್ಕೆ 20 ನಿಮಿಷ ಹಿಡಿದರೆ 133 ಗಂಟೆ ಸಾಕು. ಪ್ರತಿ ಪುಟಕ್ಕೂ ವಿವರ ಬರೆಯುತ್ತೇವೆಂದು ಉತ್ಸಾಹದಲ್ಲಿ ಒಪ್ಪಿಕೊಂಡರೆ ಪುಟಕ್ಕೆ ಎರಡೇ ನಿಮಿಷವಾದರೂ 1,333 ಗಂಟೆ. ಒಂದು ಸಾಲಿನ ಭರವಸೆ ಹತ್ತು ಪಟ್ಟು ದುಡಿಮೆಯಾಗುವುದು ಹೀಗೆ. ಕಡತದ ಮಟ್ಟಕ್ಕೆ ನಿಲ್ಲಿ. ನಡಾವಳಿ ಪುಸ್ತಕದಂಥ ಆಯ್ದ ಸರಣಿಗೆ ಮಾತ್ರ ಸಭೆಯ ದಿನಾಂಕವಾರು ಸೂಚಿ ಮಾಡಿ.

ಸಿದ್ಧತೆಯ ಬಾಬ್ತನ್ನು ಬಹಳ ಮಂದಿ ಬರೆಯುವುದೇ ಇಲ್ಲ. ತುಕ್ಕು ಹಿಡಿದ ಪಿನ್ನನ್ನು ಎಳೆದು ತೆಗೆದರೆ ಕಾಗದವೂ ಜೊತೆಗೇ ಕಿತ್ತು ಬರುತ್ತದೆ. ಪಿನ್ನಿನ ಕಾಲುಗಳನ್ನು ಹಿಂದಿನಿಂದ ತೆಳು ಸ್ಪ್ಯಾಚುಲಾದಲ್ಲಿ ಎತ್ತಿ ನೇರ ಮಾಡಿ, ಆಮೇಲೆ ಮುಂದಿನಿಂದ ತೆಗೆಯಬೇಕು. ಪ್ರತಿ ಹಾಳೆಯ ಮೂಲೆಗೆ ಮೃದು ಪೆನ್ಸಿಲಿನಲ್ಲಿ ಸಂಖ್ಯೆ ಹಾಕಬೇಕು. ಈ ಸಂಖ್ಯೆ ಇಲ್ಲದಿದ್ದರೆ ಎರಡು ಹಾಳೆ ಒಟ್ಟಿಗೆ ತಿರುವಿ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಡಿಜಿಟಲೀಕರಣದಲ್ಲಿ ಅತಿ ಸಾಮಾನ್ಯ ತಪ್ಪು ಮಸುಕು ಚಿತ್ರವಲ್ಲ, ಬಿಟ್ಟುಹೋದ ಪುಟ. ಆಮ್ಲರಹಿತ ಪೆಟ್ಟಿಗೆ ಮತ್ತು ಫೋಲ್ಡರಿಗೂ ಹಣ ಇಡಿ. ನೆದರ್ಲೆಂಡ್ಸ್‌ನಲ್ಲಿ 1997ರಿಂದ ಸರ್ಕಾರದ ಹಣದಲ್ಲಿ ನಡೆಯುತ್ತಿರುವ ಮೆಟಾಮಾರ್ಫೋಸ್ ಕಾರ್ಯಕ್ರಮದಲ್ಲಿ ಚಿತ್ರ ತೆಗೆದ ಮೂಲ ಪ್ರತಿಯನ್ನು ಆಮ್ಲರಹಿತ ಹೊದಿಕೆಯಲ್ಲಿಟ್ಟು, ದಿನಬಳಕೆಯಿಂದ ತೆಗೆದಿಡುವುದು ಕೆಲಸದ ಭಾಗವೇ.

ಏನು ಕೇಳಬಾರದು ಎಂಬುದೂ ಮುಖ್ಯ. ಕಾಯಂ ಸಿಬ್ಬಂದಿಯ ಸಂಬಳ, ಮಂಜೂರಾತಿಗೆ ಮುಂಚೆ ಮಾಡಿದ ಖರ್ಚು, ಅವಧಿ ಮುಗಿದ ಮೇಲಿನ ಸರ್ವರ್ ಬಾಡಿಗೆ ಇವನ್ನು ಅನೇಕ ಯೋಜನೆಗಳು ಒಪ್ಪುವುದಿಲ್ಲ. ಹಾಗಾಗಿ ಆದೇಶ ಕೈಗೆ ಬರುವ ಮೊದಲು ಒಂದು ಪೆಟ್ಟಿಗೆಯನ್ನೂ ಕೊಳ್ಳಬೇಡಿ. ಸಂಸ್ಥೆಯ ಪಾಲು ಎಷ್ಟು ಎಂದು ಕೇಳಿರುತ್ತಾರೆ. ಸ್ವಯಂಸೇವಕರ ಗಂಟೆ, ಕೋಣೆ, ವಿದ್ಯುತ್ತನ್ನು ಅದರಲ್ಲಿ ತೋರಿಸಲು ಬಿಡುತ್ತಾರೋ ಇಲ್ಲವೋ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಬಿಟ್ಟರೆ ಮೊದಲ ದಿನದಿಂದಲೇ ಸಹಿ ಹಾಕಿದ ಹಾಜರಿ ಪುಸ್ತಕ ಬೇಕು. ಲೆಕ್ಕಪರಿಶೋಧಕರು ವರ್ಷದ ಕೊನೆಗೆ ನೆನಪಿನಿಂದ ತುಂಬಿದ ಹಾಜರಿಯನ್ನು ಶಾಯಿ ನೋಡಿಯೇ ಪತ್ತೆ ಹಚ್ಚುತ್ತಾರೆ.

ಪ್ರಶ್ನೆ: ಗುತ್ತಿಗೆದಾರರೊಬ್ಬರು ಎ3 ಅಳತೆಯ ವಹಿಗಳನ್ನು 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ '600 ಡಿಪಿಐ'ಗೆ ತೆಗೆದು ಪಿಡಿಎಫ್ ಕೊಡುತ್ತಾರಂತೆ. ಒಪ್ಪಬಹುದೇ?

ಉತ್ತರ: ಡಿಪಿಐ ಅಂದರೆ ಇಲ್ಲಿ ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ. ಭಾಗಾಕಾರ ಮಾಡಿದರೆ ಗುಟ್ಟು ರಟ್ಟಾಗುತ್ತದೆ. ಅಂಥ ಕ್ಯಾಮೆರಾದ ಚಿತ್ರ ಸಾಮಾನ್ಯವಾಗಿ 6000 x 4000 ಪಿಕ್ಸೆಲ್. ಎ3 ಹಾಳೆಯ ಕಿರಿ ಬದಿ 11.7 ಇಂಚು. 4000 ಅನ್ನು 11.7ರಿಂದ ಭಾಗಿಸಿದರೆ ಇಂಚಿಗೆ 342 ಪಿಕ್ಸೆಲ್, ಅಂಚು ಬಿಟ್ಟರೆ ಇನ್ನೂ ಕಡಿಮೆ. 600 ಎನ್ನುವುದು ತಂತ್ರಾಂಶ ಊದಿಸಿ ಕೊಟ್ಟ ಸಂಖ್ಯೆ. ಅದರಿಂದ ಫೈಲ್ ದೊಡ್ಡದಾಗುತ್ತದೆಯೇ ಹೊರತು ಅಕ್ಷರ ಸ್ಪಷ್ಟವಾಗುವುದಿಲ್ಲ.

ಕೈಬರಹ, ಸಣ್ಣಚ್ಚು ಎರಡಕ್ಕೂ ನಿಜವಾದ 400 ಸಾಕು. ಟೆಂಡರಿನಲ್ಲಿ ಹೀಗೆ ಬರೆಯಿರಿ: ಮೂಲ ಅಳತೆಯಲ್ಲಿ ಇಂಚಿಗೆ 400 ಪಿಕ್ಸೆಲ್, 24 ಬಿಟ್ ಬಣ್ಣ, ಸಂಕುಚಿತಗೊಳಿಸದ ಟಿಫ್ (ಚಿತ್ರದ ಫೈಲಿನ ಒಂದು ಬಗೆ), ಪ್ರತಿ ದಿನದ ಕೆಲಸದ ಆರಂಭದಲ್ಲಿ ಬಣ್ಣದ ಪಟ್ಟಿ ಮತ್ತು ಅಳತೆಪಟ್ಟಿಯ ಒಂದು ಚಿತ್ರ, ಪುಟದ ನಾಲ್ಕೂ ಅಂಚು ಕಾಣಬೇಕು, ಖಾಲಿ ಪುಟವನ್ನೂ ತೆಗೆಯಬೇಕು. ಹಾಳೆಯನ್ನು ತಾನೇ ಎಳೆದುಕೊಳ್ಳುವ ಯಂತ್ರ ನಿಷಿದ್ಧ ಎಂದು ಸ್ಪಷ್ಟವಾಗಿ ಬರೆಯದಿದ್ದರೆ, ಯಾರೂ ನೋಡದ ಸಂಜೆಯಲ್ಲಿ ಅದೇ ಬಳಕೆಯಾಗುತ್ತದೆ. ಪಿಡಿಎಫ್ ಓದುಗರಿಗಾಗಿ ಇರಲಿ, ಆದರೆ ಮಾಸ್ಟರ್ ಪ್ರತಿ ಅದಲ್ಲ. ಗುಣಮಟ್ಟಕ್ಕೆ ಅಮೆರಿಕದ ಫೆಡರಲ್ ಸಂಸ್ಥೆಗಳ ಡಿಜಿಟಲೀಕರಣ ಮಾರ್ಗಸೂಚಿಯಾದ ಫ್ಯಾಡ್ಜಿ ಅಥವಾ ಮೆಟಾಮಾರ್ಫೋಸ್ ಮಾರ್ಗಸೂಚಿಯ ಹೆಸರು ಹಾಕಿದರೆ ವಾದಕ್ಕೆ ಎಡೆ ಇರುವುದಿಲ್ಲ. ಕೊನೆಯ ಕಂತನ್ನು ನೀವೇ ಹತ್ತರಲ್ಲೊಂದು ಚಿತ್ರ ತೆರೆದು ನೋಡಿ, ಎಲ್ಲ ಕಡತಗಳ ಪುಟಸಂಖ್ಯೆ ತಾಳೆ ನೋಡಿದ ಮೇಲೆ ಕೊಡಿ.

ಪ್ರಶ್ನೆ: ತಾಳೆಗರಿಯ ಕಟ್ಟುಗಳಿಗೂ ಇದೇ ವಿಧಾನವೇ?

ಉತ್ತರ: ಬೆಳಕು ಬೇರೆ. ಕಂಟದಿಂದ (ಗರಿಯ ಮೇಲೆ ಗೀರುವ ಲೋಹದ ಲೇಖನಿ) ಕೊರೆದು ಮಸಿ ತುಂಬದ ಅಥವಾ ಮಸಿ ಅಳಿಸಿಹೋದ ಅಕ್ಷರ ನೇರ ಬೆಳಕಿನಲ್ಲಿ ಕಾಣುವುದೇ ಇಲ್ಲ. ದೀಪವನ್ನು ಗರಿಯ ಮಟ್ಟಕ್ಕಿಳಿಸಿ, ಒಂದು ಬದಿಯಿಂದ ಓರೆಯಾಗಿ ಹಾಯಿಸಿದರೆ ಗೀರಿನೊಳಗೆ ನೆರಳು ಬಿದ್ದು ಅಕ್ಷರ ಏಳುತ್ತದೆ. ಹಾಗಾಗಿ ಗರಿಯ ಪ್ರತಿ ಬದಿಗೆ ಎರಡು ಚಿತ್ರ, ನೇರ ಬೆಳಕಿನದೊಂದು, ಓರೆಯದೊಂದು ಎಂದು ಲೆಕ್ಕ ಹಾಕಿ. ಚಿತ್ರಕ್ಕೆ ಮುಂಚೆ ಎಣ್ಣೆ ಸವರಬೇಡಿ, ಹೊಳಪು ಬಂದು ಕೆಡುತ್ತದೆ. ಹೊಸದಾಗಿ ಮಸಿ ತುಂಬುವುದು ಸಂರಕ್ಷಣಾ ತಜ್ಞರ ಕೆಲಸ.

ಪ್ರಶ್ನೆ: ಕ್ಯಾಸೆಟ್ಟುಗಳೂ ಇವೆ. ಕಾಗದ ಮುಗಿದ ಮೇಲೆ ನೋಡಿದರಾಯಿತೇ?

ಉತ್ತರ: ಕ್ಯಾಸೆಟ್ಟೇ ಮೊದಲಾಗಲಿ. ಒಳ್ಳೆಯ ಕಾಗದ ಇನ್ನೂ ಐವತ್ತು ವರ್ಷ ಕಾಯಬಲ್ಲದು, ಆದರೆ ಟೇಪನ್ನು ನುಡಿಸುವ ಯಂತ್ರವೂ ಅದರ ಬಿಡಿಭಾಗವೂ ಕಾಯುವುದಿಲ್ಲ. ಧ್ವನಿ ಪತ್ರಾಗಾರಗಳ ಅಂತರರಾಷ್ಟ್ರೀಯ ಸಂಘ ಐಯಾಸಾದ ಮಾರ್ಗಸೂಚಿ ಹೇಳುವುದು 24 ಬಿಟ್, ಕನಿಷ್ಠ 48 ಕಿಲೋಹರ್ಟ್ಸ್, ಸಾಧ್ಯವಾದರೆ 96. 96ರಲ್ಲಿ ಸ್ಟೀರಿಯೊ ಆದರೆ ಗಂಟೆಗೆ ಸುಮಾರು 2 ಜಿಬಿ. ಒಂದು ಗಂಟೆಯ ಟೇಪಿಗೆ ಯಂತ್ರದ ತಲೆ (ಟೇಪನ್ನು ಓದುವ ಭಾಗ) ಒರೆಸಿ, ಅದರ ಕೋನ ಹೊಂದಿಸಿ, ಕೇಳಿ ವಿವರ ಬರೆಯುವ ಹೊತ್ತಿಗೆ ಮೂರು ಗಂಟೆ ಹೋಗುತ್ತದೆ. ಬಜೆಟ್ಟಿನಲ್ಲಿ ಅದೇ ಅನುಪಾತ ಹಾಕಿ.

ಪ್ರಶ್ನೆ: ಸ್ಕ್ಯಾನ್ ಆದ ಮೇಲೆ ಮೂಲ ಕಡತ ವಿಲೇವಾರಿ ಮಾಡಿ ಜಾಗ ಉಳಿಸಬಹುದೇ?

ಉತ್ತರ: ಬೇಡ. ಚಿತ್ರ ತಪ್ಪಿದ್ದರೆ ಮತ್ತೆ ತೆಗೆಯಲು ಮೂಲವೇ ಬೇಕು. ಸಹಿ, ಕಾಗದ, ಶಾಯಿಯ ಬಗ್ಗೆ ತಕರಾರು ಬಂದರೆ ಸಾಕ್ಷಿಯೂ ಅದೇ. ಪ್ರತಿಯ ಬೆಲೆ ಬೇರೆ ಥರದ್ದು. 2009ರ ಮಾರ್ಚ್ 3ರಂದು ಜರ್ಮನಿಯ ಕಲೋನ್ ನಗರದ ಪತ್ರಾಗಾರ ಕುಸಿದಾಗ ಸಂಗ್ರಹದ ಬಹುಪಾಲು ಅವಶೇಷದಡಿ ಸಿಕ್ಕಿಕೊಂಡಿತು. ಮೊದಲೇ ಮೈಕ್ರೋಫಿಲ್ಮ್ ಮಾಡಿ ಬೇರೆಡೆ ಇಟ್ಟಿದ್ದ ಭಾಗ ಓದಲು ಸಿಕ್ಕಿತು. ಆದರೂ ಮೂಲದ ಚೂರುಗಳನ್ನು ಹೆಕ್ಕಿ ಜೋಡಿಸುವ ಕೆಲಸವನ್ನು ಅವರು ಕೈಬಿಡಲಿಲ್ಲ.

ಪ್ರಶ್ನೆ: ಅನುದಾನ ಮುಗಿದ ಮೇಲೆ ಫೈಲುಗಳನ್ನು ಯಾರು ಕಾಯಬೇಕು?

ಉತ್ತರ: ನೀವೇ. ಇದಕ್ಕೆ ಉತ್ತರವಿಲ್ಲದ ಅರ್ಜಿಯನ್ನು ಒಳ್ಳೆಯ ಸಮಿತಿ ಬದಿಗಿಡುತ್ತದೆ, ಇಡಬೇಕು ಕೂಡ. ಎ4 ಪುಟ ಇಂಚಿಗೆ 400 ಪಿಕ್ಸೆಲ್‌ನಲ್ಲಿ ಸುಮಾರು 46 ಎಂಬಿ. 40,000ಕ್ಕೆ 1.9 ಟಿಬಿ, ಮೂರು ಪ್ರತಿಗೆ 5.6 ಟಿಬಿ. ಎ3 ಆದರೆ ಎರಡರಷ್ಟು. ಮೂರು ಪ್ರತಿಗಳಲ್ಲಿ ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ ಇರಲಿ. ಫೈಲು ಕೈಗೆ ಬಂದ ದಿನವೇ ಪ್ರತಿಯೊಂದಕ್ಕೂ ಚೆಕ್‌ಸಮ್ (ಫೈಲಿನ ಒಳಗಿನದರಿಂದ ತಂತ್ರಾಂಶ ಲೆಕ್ಕ ಹಾಕಿ ಕೊಡುವ ಗುರುತಿನ ಸಂಖ್ಯೆ) ತೆಗೆದಿಡಿ, ವರ್ಷಕ್ಕೊಮ್ಮೆ ತಾಳೆ ನೋಡಿ. ಒಂದು ಬಿಟ್ ಬದಲಾದರೂ ಸಂಖ್ಯೆ ಬದಲಾಗುತ್ತದೆ, ಒಳ್ಳೆಯ ಪ್ರತಿಯಿಂದ ಸರಿಪಡಿಸಬಹುದು. ಕಪಾಟಿನಲ್ಲಿಟ್ಟು ಮರೆತ ಹಾರ್ಡ್ ಡಿಸ್ಕ್ ಬ್ಯಾಕಪ್ ಅಲ್ಲ. ಐದು ವರ್ಷಕ್ಕೊಮ್ಮೆ ಡಿಸ್ಕ್ ಬದಲಿಸುವ ಹಣವನ್ನು ಸಂಸ್ಥೆಯ ವಾರ್ಷಿಕ ಬಜೆಟ್ಟಿನಲ್ಲಿ ಸೇರಿಸಿ, ಆ ನಿರ್ಣಯದ ಪ್ರತಿಯನ್ನೇ ಅರ್ಜಿಗೆ ಲಗತ್ತಿಸಿ. ಅದು ಆಗದ ಮಾತಾದರೆ ವಿಶ್ವವಿದ್ಯಾಲಯ ಅಥವಾ ಸರ್ಕಾರಿ ಪತ್ರಾಗಾರದೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಿ.

ಪ್ರಶ್ನೆ: ಕುಟುಂಬವೊಂದು ಪತ್ರಗಳನ್ನು ನಮಗೆ ದಾನ ಕೊಟ್ಟಿದೆ. ಅಂತರ್ಜಾಲಕ್ಕೆ ಹಾಕಲು ಅಷ್ಟು ಸಾಕಲ್ಲವೇ?

ಉತ್ತರ: ಸಾಲದು. ಕಾಗದ ನಿಮ್ಮದಾಗಿದೆ, ಬರಹದ ಹಕ್ಕು ಬರೆದವರದು ಅಥವಾ ಅವರ ವಾರಸುದಾರರದು. ಪತ್ರವನ್ನು ಪಡೆದವರ ಮನೆಯವರು ಆ ಹಕ್ಕನ್ನು ಕೊಡಲಾರರು. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಸಾಮಾನ್ಯ ನಿಯಮದಂತೆ ಲೇಖಕರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ ಹಕ್ಕು ಇರುತ್ತದೆ, ಬಹಳ ದೇಶಗಳಲ್ಲಿ ಇನ್ನೂ ಹೆಚ್ಚು. ಅನುದಾನ ಕೊಡುವವರು 'ಎಲ್ಲವೂ ಮುಕ್ತವಾಗಿ ಸಿಗಬೇಕು' ಎಂದು ಷರತ್ತು ಹಾಕಿದ್ದರೆ, ಸಹಿ ಹಾಕುವ ಮುನ್ನವೇ ಯಾವ ಭಾಗವನ್ನು ತೆರೆಯಲಾಗದು ಎಂದು ತಿಳಿಸಿ. ಬದುಕಿರುವವರ ಕಾಯಿಲೆ, ಸಾಲ, ದತ್ತು, ಪೊಲೀಸ್ ದೂರಿನ ವಿವರವಿದ್ದರೆ ಹಕ್ಕಿನ ಅವಧಿ ಮುಗಿದಿದ್ದರೂ ಮುಚ್ಚಿಡಬೇಕು.

ಪ್ರಶ್ನೆ: ಮಂಜೂರಾದ ಹಣ ನಡುವೆ ನಿಂತುಹೋದರೆ?

ಉತ್ತರ: ನಿಲ್ಲುವುದುಂಟು. 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಮಾನವಿಕ ವಿಷಯಗಳಿಗೆ ಅನುದಾನ ಕೊಡುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಹ್ಯುಮ್ಯಾನಿಟೀಸ್ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ನಡುವೆಯೇ ರದ್ದು ಮಾಡಿತು. ಆದ್ದರಿಂದ ಎಲ್ಲ ಕಡತಗಳ ಸಿದ್ಧತೆ ಮೊದಲು, ಎಲ್ಲದರ ಚಿತ್ರ ಆಮೇಲೆ, ಪಟ್ಟಿ ಕೊನೆಗೆ ಎಂದು ಯೋಜನೆ ಹಾಕಬೇಡಿ. ಒಂದು ಕಪಾಟನ್ನು ಸಿದ್ಧತೆಯಿಂದ ಬ್ಯಾಕಪ್‌ವರೆಗೆ ಪೂರ್ತಿ ಮುಗಿಸಿ ಮುಂದಿನದಕ್ಕೆ ಕೈ ಹಾಕಿ. ಎಲ್ಲಿ ನಿಂತರೂ ಅಲ್ಲಿಯವರೆಗಿನದು ಬಳಕೆಗೆ ಬರುತ್ತದೆ. ಖರ್ಚಾದ ಮೇಲೆ ಮರುಪಾವತಿ ಮಾಡುವ ಯೋಜನೆಯಾದರೆ ಕನಿಷ್ಠ ಒಂದು ಕಂತಿನಷ್ಟು ಸ್ವಂತ ಹಣ ಕೈಯಲ್ಲಿರಲಿ. ಕೊಟ್ಟ ಹಣ ಉದ್ದೇಶಕ್ಕೇ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರ ತಡವಾದಷ್ಟೂ ಮುಂದಿನ ಕಂತು ತಡ.

ಪ್ರಶ್ನೆ: ಫಲಿತಾಂಶ ಬರಲು ಆರು ತಿಂಗಳಾಗುತ್ತದಂತೆ. ಅಲ್ಲಿಯವರೆಗೆ ಕಡತಗಳಿಗೆ ಏನು ಮಾಡೋಣ?

ಉತ್ತರ: ನೆಲದಿಂದ 15 ಸೆಂಟಿಮೀಟರ್ ಮೇಲಕ್ಕೆತ್ತಿ, ಹೊರಗೋಡೆಯಿಂದ ದೂರ ಸರಿಸಿ. ರಬ್ಬರ್ ಬ್ಯಾಂಡ್ ತೆಗೆದು ಅಗಲವಾದ ಹತ್ತಿಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಒಂದು ತೇವಮಾಪಕ ಇಟ್ಟು ದಿನಕ್ಕೆರಡು ಬಾರಿ ಬರೆದಿಡಿ. ತೇವಾಂಶ ಶೇ 65 ದಾಟಿದರೆ ಬೂಷ್ಟು ಹಿಡಿಯುವ ಅಪಾಯ, ಫ್ಯಾನ್ ಹಾಕಿ ಗಾಳಿಯಾಡಿಸಿ. ಈಗಾಗಲೇ ಬೂಷ್ಟು ಬಂದದ್ದನ್ನು ಪ್ರತ್ಯೇಕ ಕೋಣೆಗೆ ಒಯ್ಯಿರಿ, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಹಿಂದೆ ಯಾರಾದರೂ ಹಚ್ಚಿದ್ದರೆ ಕಿತ್ತು ನೋಡಬೇಡಿ, ಹಾಗೇ ಬಿಟ್ಟು ಸ್ಥಿತಿಯ ಪಟ್ಟಿಯಲ್ಲಿ ಮೂರನೇ ದರ್ಜೆಗೆ ಸೇರಿಸಿ. ನೀರು ನುಗ್ಗಿದರೆ 48 ಗಂಟೆಯೊಳಗೆ ಹರಡಿ ಒಣಗಿಸಬೇಕು. ಅಷ್ಟರಲ್ಲಿ ಆಗದಷ್ಟಿದ್ದರೆ ಪಾಲಿಥೀನ್ ಚೀಲಗಳಲ್ಲಿ ಹಾಕಿ, ಮೇಲೆ ಕಡತದ ಸಂಖ್ಯೆ ಬರೆದು ಡೀಪ್ ಫ್ರೀಜರಿಗೆ ಸಾಗಿಸಿ, ಒಣಗಿಸುವ ಏರ್ಪಾಡು ಆಮೇಲೆ ಮಾಡಬಹುದು.